ಕ್ಲಾಸ್ ವಾನ್ ಬ್ಯೂಲೋ ಬಿಡುಗಡೆಯಾದದ್ದು ದುಡ್ಡಿನ ಬಲದಿಂದಲೇ?

ಹೆಂಡತಿಗೆ ಇನ್ಸುಲಿನ್ ಚುಚ್ಚಿ ಕೊಲ್ಲಲು ನೋಡಿದ ಎಂದು 1982ರಲ್ಲಿ 30 ವರ್ಷ ಶಿಕ್ಷೆಯಾದವನು 1985ರಲ್ಲಿ ಖುಲಾಸೆಯಾದ, ಇದು ದುಡ್ಡಿನ ಆಟವಲ್ಲವೇ ಎಂದು ಕೇಳಿದ್ದೀರಿ.

ದುಡ್ಡಿಲ್ಲದಿದ್ದರೆ ಆತ ಜೈಲಿನಲ್ಲೇ ಇರುತ್ತಿದ್ದ, ಒಪ್ಪಿದೆ. ಜಾಮೀನೇ 10 ಲಕ್ಷ ಡಾಲರ್! ಆದರೆ ಎದುರು ಪಕ್ಷದಲ್ಲೂ ಹಣವಿತ್ತು. ಹೆಂಡತಿ ಸನ್ನಿ ಕೋಟಿಗಟ್ಟಲೆ ಡಾಲರ್ ಆಸ್ತಿಯ ಒಡತಿ. 1980ರ ಡಿಸೆಂಬರ್ 21ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್‌ನಲ್ಲಿ, ತಮ್ಮ ಬಂಗಲೆಯ ಬಚ್ಚಲುಮನೆಯಲ್ಲಿ ಬಿದ್ದಿದ್ದಳು. ಮತ್ತೆ ಪ್ರಜ್ಞೆ ಬರಲೇ ಇಲ್ಲ. ಅನುಮಾನಗೊಂಡ ಆಕೆಯ ಮೊದಲ ಮದುವೆಯ ಮಕ್ಕಳು ಪೊಲೀಸರಿಗಿಂತ ಮೊದಲು ರಿಚರ್ಡ್ ಕೂ ಎಂಬ ಹೆಸರಾಂತ ವಕೀಲರ ಬಳಿ ಹೋದರು. ಸಿರಿಂಜ್, ಔಷಧಿಗಳಿದ್ದ ಕಪ್ಪು ಚೀಲವನ್ನು ಪತ್ತೆಹಚ್ಚಿದ್ದೂ ಮಲಮಗ ಮತ್ತು ಖಾಸಗಿ ಪತ್ತೇದಾರ.

ಇಡೀ ಕೇಸು ನಿಂತಿದ್ದು ಆ ಚೀಲದ ಒಂದು ಸೂಜಿಯ ಮೇಲೆ. ಅದರ ಹೊರಮೈಯಲ್ಲಿ ಔಷಧಿ ಒಣಗಿ ಅಂಟಿಕೊಂಡಿತ್ತು, ಅದರಲ್ಲಿ ಇನ್ಸುಲಿನ್ ಇತ್ತು ಎಂದು ಪ್ರಾಸಿಕ್ಯೂಷನ್ ಹೇಳಿತು. ನಮ್ಮ ಅಮ್ಮನಿಗೆ ದಿನಾ ಇನ್ಸುಲಿನ್ ಕೊಡುವವನು ನಾನೇ. ಸೂಜಿ ಹೊರಗೆ ತೆಗೆಯುವಾಗ ಚರ್ಮವೇ ಅದನ್ನು ಒರೆಸಿಬಿಡುತ್ತದೆ. ಹೊರಗೆ ಅಷ್ಟು ಅಂಟಿದೆ ಎಂದರೆ ಚುಚ್ಚಿದ್ದಲ್ಲ, ದ್ರವದಲ್ಲಿ ಅದ್ದಿದ್ದು ಎಂಬ ಪ್ರತಿವಾದಿ ವಕೀಲರ ಮಾತು ನನಗೆ ತಕ್ಷಣ ಒಪ್ಪಿಗೆಯಾಯಿತು. ಎರಡನೇ ವಿಚಾರಣೆಯಲ್ಲಿ ತಜ್ಞ ವೈದ್ಯರು, ಕೋಮಾಕ್ಕೆ ಇನ್ಸುಲಿನ್ ಕಾರಣ ಎನ್ನುವುದಕ್ಕೇ ಆಧಾರವಿಲ್ಲ ಎಂದು ಸಾಕ್ಷಿ ನುಡಿದರು.

ಮರುವಿಚಾರಣೆ ಸಿಕ್ಕಿದ್ದು ಹೇಗೆ? ಮೇಲ್ಮನವಿ ನಡೆಸಿದವರು ಅಲನ್ ಡರ್ಶೊವಿಟ್ಜ್. ಮನೆಕೆಲಸದಾಕೆ ಮುಂತಾದವರನ್ನು ವಿಚಾರಿಸುವಾಗ ಕೂ ಬರೆದುಕೊಂಡ ಟಿಪ್ಪಣಿಗಳನ್ನು ಆರೋಪಿಯ ಕಡೆಯವರಿಗೆ ಕೊಟ್ಟಿರಲಿಲ್ಲ. ಚೀಲದ ಔಷಧಿಗಳನ್ನು ಪೊಲೀಸರು ವಾರಂಟ್ ಇಲ್ಲದೆ ಪರೀಕ್ಷೆಗೆ ಕಳಿಸಿದ್ದರು. ಈ ಎರಡು ಕಾರಣಕ್ಕೆ 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಸಾಕ್ಷಿ ಮೊದಲ ಸಲ ಏನು ಹೇಳಿದ್ದರೋ ಅದನ್ನು ನೋಡುವ ಹಕ್ಕು ಎಂಥ ಆರೋಪಿಗೂ ಇರಬೇಕು. ಶ್ರೀಮಂತನಿಗೆ ಸಿಕ್ಕಿತು ಎಂದು ಸಿಟ್ಟಾಗುವುದಕ್ಕಿಂತ, ಬಡವನಿಗೆ ಸಿಗುತ್ತಿಲ್ಲವಲ್ಲ ಎಂದು ಸಿಟ್ಟಾಗೋಣ.

ಆತ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಪ್ರೇಯಸಿ ಇದ್ದಳು, ಹೆಂಡತಿಯ ಉಯಿಲಿನಿಂದ ದೊಡ್ಡ ಮೊತ್ತ ಬರುವುದಿತ್ತು, ಅನುಮಾನಕ್ಕೆ ಬೇಕಾದಷ್ಟಿತ್ತು. ಆದರೆ ಜ್ಯೂರಿಯಲ್ಲಿ ನಾನಿದ್ದಿದ್ದರೂ ಆ ಸೂಜಿ ನಂಬಿ ಶಿಕ್ಷೆ ಕೊಡುತ್ತಿರಲಿಲ್ಲ.

ಆಸ್ತಿ ಮಾತ್ರ ಆತನಿಗೆ ದಕ್ಕಲಿಲ್ಲ. ಮಲಮಕ್ಕಳು ಹೂಡಿದ ಸಿವಿಲ್ ದಾವೆ 1987ರಲ್ಲಿ ರಾಜಿಯಾಗಿ, ಸನ್ನಿಗೆ ವಿಚ್ಛೇದನ ಕೊಟ್ಟು, ಆಕೆಯ ಹಣದ ಮೇಲಿನ ಹಕ್ಕು ಬಿಟ್ಟು ಲಂಡನ್‌ಗೆ ಹೋದ. ಸನ್ನಿ 2008ರವರೆಗೆ, ಹತ್ತಿರ ಹತ್ತಿರ 28 ವರ್ಷ, ಕೋಮಾದಲ್ಲೇ ಇದ್ದಳು.