ಅತ್ತಿಗೆಯ ಕೈ ಯಾಕೆ ನಿಂತಿತು?

ಆತ್ಮೀಯರೇ,

ನಮಸ್ಕಾರ. ‘ಲಾಸ್ಟ್’ ಧಾರಾವಾಹಿಯ ಒಂದು ಕಂತಿನ ಬಗ್ಗೆ ನೀವು ಕಳಿಸಿದ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಒಳ್ಳೆಯ ಮಾತು ಹೇಳಿ ಕೊನೆಗೆ ‘ಆದರೆ’ ಅನ್ನುವ ಪತ್ರಗಳು ನನಗೂ ಚಿಕ್ಕ ವಯಸ್ಸಿನಲ್ಲಿ ಬಹಳ ಬಂದಿವೆ. ಆ ‘ಆದರೆ’ ಎಲ್ಲಿದೆ ಅಂತ ಹುಡುಕುತ್ತಾ ಓದುವ ಕಷ್ಟ ನಿಮಗೆ ಬೇಡ. ಹಾಗಂತ ಲೇಖನವನ್ನು ಕೈಬಿಡಿ ಅಂತಲೂ ಹೇಳುತ್ತಿಲ್ಲ. ನೀವು ಇದನ್ನು ಮತ್ತೆ ಬರೆಯಬೇಕು ಅಂತ ನನಗೆ ತುಂಬಾ ಆಸೆ ಇದೆ. ಅದಕ್ಕೇ ಇಷ್ಟುದ್ದದ ಪತ್ರ.

ನಾನು ಓದಿದ ರೀತಿ ಹೇಳುತ್ತೇನೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತೆಗೆದೆ. ಮೊದಲ ಎರಡು ಪುಟ ಪೂರ್ತಿ ಧಾರಾವಾಹಿಯ ಹಿನ್ನೆಲೆ. ಮೂರನೇ ಪುಟದಿಂದ ಉತ್ತರ ಸಿಗದ ಪ್ರಶ್ನೆಗಳ ಪಟ್ಟಿ. ಹದಿನಾಲ್ಕು ಪ್ರಶ್ನೆ. ಆಯನೂರು ಬರುವಷ್ಟರಲ್ಲಿ ಮಡಚಿ ಚೀಲಕ್ಕೆ ಹಾಕಿದೆ. ಆನಂದಪುರದಲ್ಲಿ ಬಸ್ಸು ಸ್ವಲ್ಪ ಜಾಸ್ತಿ ಹೊತ್ತು ನಿಂತಿತು, ಮತ್ತೆ ತೆಗೆದೆ. ಐದನೇ ಪುಟದ ನಡುವೆ ಈ ಸಾಲುಗಳು ಸಿಕ್ಕವು:

“ಅಡಿಕೆ ಸುಲಿಯುತ್ತಾ ನೋಡುತ್ತಿದ್ದೆವು. ಸಾಯುವಾಗ ಆ ತಾಯಿ ಥ್ಯಾಂಕ್ಯೂ ಅಂದಳು. ಅತ್ತಿಗೆಯ ಕೈ ಮೆಟ್ಟುಗತ್ತಿಯ ಮುಂದೆ ಹಾಗೇ ನಿಂತಿತು.”

ಮೂರು ಸಲ ಓದಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಸುಮ್ಮನೆ ನಿಲ್ಲುವುದಿಲ್ಲ. ಮಾತಾಡುತ್ತಾ, ನಗುತ್ತಾ, ಟಿವಿ ನೋಡುತ್ತಾ, ನಿದ್ದೆ ತೂಗುತ್ತಾ ಇದ್ದರೂ ಕೈ ತನ್ನ ಪಾಡಿಗೆ ಸುಲಿಯುತ್ತಲೇ ಇರುತ್ತದೆ. ಅಂಥ ಕೈ ನಿಂತಿತು ಅಂದರೆ ಏನೋ ಆಗಿದೆ. ಮುಂದಿನ ಸಾಲಿನಲ್ಲಿ ಅತ್ತಿಗೆ ಏನಂದರು ಅಂತ ಇರುತ್ತದೆ ಅಂದುಕೊಂಡೆ. ಮುಂದಿನ ಸಾಲು ಹೀಗಿತ್ತು: “ಈ ಕಂತಿನ ಬಗ್ಗೆ ಅಭಿಮಾನಿಗಳಲ್ಲಿ ಮಿಶ್ರ ಪ್ರತಿಕ್ರಿಯೆ ವ್ಯಕ್ತವಾಯಿತು.”

ಅಲ್ಲಿ ನನಗೆ ನಿಜವಾಗಿ ಬೇಜಾರಾಯಿತು.

ಈ ಪತ್ರವನ್ನು ನಿಮ್ಮ ಹೆಸರಿಲ್ಲದೆ ಸಲಹೆಯ ಪುಟದಲ್ಲೂ ಹಾಕುತ್ತಿದ್ದೇನೆ. ಧಾರಾವಾಹಿ ನೋಡದವರಿಗಾಗಿ ಕತೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ‘ಲಾಸ್ಟ್’ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2004ರ ಸೆಪ್ಟೆಂಬರ್ 22ರಂದು ಶುರುವಾಯಿತು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನ ಒಂದು ದ್ವೀಪದಲ್ಲಿ ಬೀಳುತ್ತದೆ. ಬದುಕಿ ಉಳಿದವರ ಸುತ್ತ ಗುಟ್ಟಿನ ಮೇಲೆ ಗುಟ್ಟು. ಆರು ಸೀಸನ್ ನಡೆದು 2010ರ ಮೇ 23ಕ್ಕೆ ಮುಗಿಯಿತು. ಅದಕ್ಕೆ ಹನ್ನೆರಡೇ ದಿನ ಮೊದಲು, ಮೇ 11ರಂದು ಬಂದದ್ದು ‘ಅಕ್ರಾಸ್ ದ ಸೀ’ ಅನ್ನುವ ಕಂತು. ಕತೆ ಎಲ್ಲಿಗೆ ಮುಟ್ಟುತ್ತದೆ ಅಂತ ಜನ ಉಸಿರು ಬಿಗಿ ಹಿಡಿದು ಕಾಯುತ್ತಿರುವಾಗ, ಆರು ವರ್ಷ ಜೊತೆಗಿದ್ದ ಪಾತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಕತೆ ಎಷ್ಟೋ ಹಿಂದಿನ ಕಾಲಕ್ಕೆ ಹೋಗುತ್ತದೆ.

ಹಡಗು ಒಡೆದು ಕ್ಲಾಡಿಯಾ ಎಂಬ ತುಂಬು ಬಸುರಿ ದಡ ಸೇರುತ್ತಾಳೆ. ಅಲ್ಲಿ ಒಂಟಿಯಾಗಿರುವ ಒಬ್ಬ ಹೆಂಗಸು ಹೆರಿಗೆ ಮಾಡಿಸುತ್ತಾಳೆ. ಹುಟ್ಟಿದ್ದು ಅವಳಿ ಗಂಡುಮಕ್ಕಳು. ಹೆರಿಗೆ ಮಾಡಿಸಿದ ಕೈಯೇ ಕಲ್ಲೆತ್ತಿ ಬಾಣಂತಿಯನ್ನು ಕೊಲ್ಲುತ್ತದೆ. ಮಕ್ಕಳನ್ನು ಅವಳೇ ಸಾಕುತ್ತಾಳೆ. ಒಬ್ಬ ಜೇಕಬ್. ಇನ್ನೊಬ್ಬನಿಗೆ ಹೆಸರೇ ಇಲ್ಲ, ಯಾಕೆಂದರೆ ಹೆತ್ತವಳು ಒಂದೇ ಹೆಸರು ಯೋಚಿಸಿಟ್ಟಿದ್ದಳು. ದ್ವೀಪದಲ್ಲಿ ಬೆಳಕು ಉಕ್ಕುವ ಒಂದು ಗುಹೆ ಇದೆ, ಅದನ್ನು ಕಾಯುವುದು ಆ ಸಾಕುತಾಯಿಯ ಕೆಲಸ. ದೊಡ್ಡವನಾದ ಮೇಲೆ ಹೆಸರಿಲ್ಲದ ಮಗ ದ್ವೀಪ ಬಿಟ್ಟು ಹೊರಡುತ್ತೇನೆ ಅನ್ನುತ್ತಾನೆ, ಅವಳು ಬಿಡುವುದಿಲ್ಲ. ಅವನು ಅವಳನ್ನು ಇರಿಯುತ್ತಾನೆ. ಯಾಕೆ ಬಿಡಲಿಲ್ಲ ಅಂತ ಕೇಳಿದರೆ, ನಿನ್ನ ಮೇಲಿನ ಪ್ರೀತಿಗೆ ಅನ್ನುತ್ತಾಳೆ. ಆಮೇಲೆ ಆ ಥ್ಯಾಂಕ್ಯೂ. ಜೇಕಬ್ ಸಿಟ್ಟಿನಲ್ಲಿ ತಮ್ಮನನ್ನು ಬೆಳಕಿನ ಗುಹೆಗೆ ನೂಕುತ್ತಾನೆ. ಒಳಗಿಂದ, ಧಾರಾವಾಹಿಯುದ್ದಕ್ಕೂ ಜನರನ್ನು ಕೊಲ್ಲುವ ಆ ಕಪ್ಪು ಹೊಗೆ ಹೊರಗೆ ನುಗ್ಗುತ್ತದೆ.

ಇದರ ಮೇಲೆ ನೀವು ನಾಲ್ಕು ಜನ ಆ ರಾತ್ರಿ ಜಗಲಿಯಲ್ಲಿ ಜಗಳವಾಡಿದ್ದೀರಿ. ಅಲ್ಲಿಗೆ ಹೋಗುವ ಮೊದಲು ನಿಮ್ಮ ಲೇಖನದ ಎರಡು ತಪ್ಪು ತಿದ್ದಬೇಕು. ಇಂಥ ಕಡೆ ಜಾರಿದರೆ ಓದುಗರು ಉಳಿದದ್ದನ್ನೂ ನಂಬುವುದಿಲ್ಲ.

“ಕೊನೆಗೆ ಎಲ್ಲರೂ ಮೊದಲಿನಿಂದಲೇ ಸತ್ತಿದ್ದರು ಎಂದು ತಿಳಿಯುತ್ತದೆ” ಅಂತ ಬರೆದಿದ್ದೀರಿ. ಹಾಗಿಲ್ಲ. ದ್ವೀಪದಲ್ಲಿ ನಡೆದದ್ದೆಲ್ಲ ನಿಜವಾಗಿ ನಡೆದದ್ದು. ಕೊನೆಯ ಕಂತಿನಲ್ಲಿ, ಬದುಕಿ ಉಳಿದವರಲ್ಲಿ ಒಬ್ಬನಾದ ಜ್ಯಾಕ್‌ಗೆ ಅವನ ತಂದೆ ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಸತ್ತ ನಂತರದ್ದು ಆರನೇ ಸೀಸನ್ನಿನಲ್ಲಿ ದ್ವೀಪದ ಕತೆಯ ಜೊತೆಜೊತೆಗೆ ತೋರಿಸುವ ಇನ್ನೊಂದು ಲೋಕ ಮಾತ್ರ. ಈ ತಪ್ಪು ನಿಮ್ಮೊಬ್ಬರದ್ದಲ್ಲ. ಕೊನೆಯ ಕಂತು ಮುಗಿದು ಹೆಸರುಗಳು ಬರುವಾಗ ವಿಮಾನದ ಚೂರುಗಳು ಬಿದ್ದ ಖಾಲಿ ದಡವನ್ನು ತೋರಿಸಿದರು. ಅದನ್ನು ನೋಡಿ ಸಾವಿರಾರು ಜನ ಹಾಗೇ ತಿಳಿದುಕೊಂಡರು. ಅದು ಕತೆಯ ಭಾಗವಲ್ಲ, ನೋಡುಗರು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಸೇರಿಸಿದ್ದು ಎಂದು ಆಮೇಲೆ ಚಾನೆಲ್ಲೇ ಹೇಳಬೇಕಾಯಿತು.

ಎರಡನೆಯದು, “ಸಾಕುತಾಯಿಯೇ ಹೊಗೆಯಾಗಿ ಊರನ್ನು ಸುಟ್ಟಳು” ಅನ್ನುವ ಮಾತು. ಕಂತಿನಲ್ಲಿ ಕಾಣುವುದು ಇಷ್ಟೇ: ಹೆಸರಿಲ್ಲದ ಮಗನಿಗೆ ಎಚ್ಚರವಾಗುತ್ತದೆ, ದ್ವೀಪ ಬಿಡಲು ಅವನು ತೋಡಿದ ಬಾವಿ ಮುಚ್ಚಿಹೋಗಿದೆ, ದ್ವೀಪದಲ್ಲಿ ಅವನ ಜೊತೆಗಿದ್ದ ಬೇರೆ ಜನರೆಲ್ಲ ಸತ್ತು ಬಿದ್ದಿದ್ದಾರೆ, ಬಿಡಾರ ಸುಟ್ಟಿದೆ. ಒಬ್ಬ ಹೆಂಗಸು ಒಂಟಿಯಾಗಿ ಇದನ್ನೆಲ್ಲ ಹೇಗೆ ಮಾಡಿದಳು ಅಂತ ತೋರಿಸುವುದಿಲ್ಲ. ಅಲ್ಲಿಂದ ಹುಟ್ಟಿದ ಊಹೆ ಅದು. ಒಳ್ಳೆಯ ಊಹೆಯೇ. ಊಹೆ ಅಂತಲೇ ಬರೆಯಿರಿ. ಅದಕ್ಕಿಂತ, ಅದನ್ನು ಮೊದಲು ಹೇಳಿದ್ದು ನಿಮ್ಮಲ್ಲಿ ಯಾರು ಅಂತ ಬರೆಯಿರಿ. ಹೇಳಿದವರ ಮುಖ ಹೇಗಿತ್ತು, ಉಳಿದವರು ಒಪ್ಪಿದರಾ? ಊಹೆ ಕೂಡ ಒಬ್ಬರ ಬಾಯಿಂದ ಬರಬೇಕು, ಅಲ್ವಾ?

ಈಗ ನನ್ನ ಮುಖ್ಯ ತಕರಾರು. ಲೇಖನದಲ್ಲಿ ತೀರ್ಪು ಇದೆ, ಜಗಳ ಇಲ್ಲ. ನಿಮಗೆ ಕಂತು ಇಷ್ಟವಾಗಿದೆ. ಸಂತೋಷ. ಇಷ್ಟವಾಗದ ನಿಮ್ಮ ಗೆಳೆಯನನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: “ತಾಳ್ಮೆ ಇಲ್ಲದ ಪ್ರೇಕ್ಷಕರಿಗೆ ಇದು ರುಚಿಸದು.” ಆತ ನಿಮ್ಮ ಜೊತೆ ಐದು ಸೀಸನ್ ಪೂರ್ತಿ ನೋಡಿ, ಆರನೆಯದರ ಹದಿನೈದನೇ ಕಂತಿನವರೆಗೂ ಕೂತವನು. ನೂರಕ್ಕೂ ಹೆಚ್ಚು ಕಂತು. ಅವನಿಗೆ ತಾಳ್ಮೆ ಇಲ್ಲ ಅಂತ ಹೇಗೆ ಹೇಳುತ್ತೀರಿ?

ಅವನ ಕಡೆ ಬಲವಾದ ಮಾತಿದೆ. ಮೊದಲ ಸೀಸನ್ನಿನ ಆರನೇ ಕಂತಿನಲ್ಲಿ ದ್ವೀಪದ ಬೇರೊಂದು ಗುಹೆಯೊಳಗೆ ಎರಡು ಅಸ್ಥಿಪಂಜರ ಸಿಗುತ್ತವೆ, ಜೊತೆಗೆ ಒಂದು ಕಪ್ಪು ಕಲ್ಲು, ಒಂದು ಬಿಳಿ ಕಲ್ಲು. ಜ್ಯಾಕ್ ಡಾಕ್ಟರು. ಬಟ್ಟೆ ಇಷ್ಟು ಜೀರ್ಣವಾಗಲು 40–50 ವರ್ಷ ಬೇಕು ಅನ್ನುತ್ತಾನೆ. ‘ಅಕ್ರಾಸ್ ದ ಸೀ’ ಕಂತಿನಲ್ಲಿ ಗೊತ್ತಾಗುತ್ತದೆ, ಅದು ಆ ಸಾಕುತಾಯಿ ಮತ್ತು ಅವಳ ಹೆಸರಿಲ್ಲದ ಮಗ. ಕ್ಲಾಡಿಯಾ ದಡಕ್ಕೆ ಬಂದಾಗ ಮಾತಾಡುವುದು ಲ್ಯಾಟಿನ್, ಅಂದರೆ ಕತೆ ಎಷ್ಟೋ ಶತಮಾನ ಹಿಂದಿನದು. ಲೆಕ್ಕ ಹೊಂದುತ್ತದೆಯಾ? ಗೆಳೆಯ ಇದನ್ನು ಹಿಡಿದು ಕೇಳಿರುತ್ತಾನೆ. ಕೇಳದಿದ್ದರೆ ನೀವೇ ಅವನ ಪರವಾಗಿ ಕೇಳಿ. ಆರು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದ ಒಂದು ಗುಟ್ಟು ಬಿಚ್ಚುವಾಗ ಹೀಗಾದರೆ, ಬೆಳಕಿನ ಗುಹೆ ಏನು ಅಂತ ಕೇಳಿದರೆ ಅದು ಬೆಳಕಿನ ಗುಹೆ ಅನ್ನುವಂಥ ಉತ್ತರ ಸಿಕ್ಕರೆ, ಅವನ ಸಿಟ್ಟಿನಲ್ಲಿ ನ್ಯಾಯ ಇದೆ. ಆ ಸಿಟ್ಟನ್ನು ನಾನೂ ಅರ್ಧ ಒಪ್ಪುತ್ತೇನೆ. ಬೆಳಕಿನ ವಿಷಯದಲ್ಲಿ ಕಂತು ಸೋತಿದೆ. ತಾಯಿಯ ವಿಷಯದಲ್ಲಿ ಗೆದ್ದಿದೆ. ಇದು ನನ್ನ ಅಭಿಪ್ರಾಯ, ನೀವು ಒಪ್ಪಬೇಕಿಲ್ಲ.

ನಿಮ್ಮ ಲೇಖನದಲ್ಲೇ ಇದಕ್ಕೆ ದಾರಿ ಇದೆ. “ನಮ್ಮ ಅಜ್ಜ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರೂ ಸ್ವಲ್ಪ ಹೊತ್ತು ಕೂತು ನೋಡಿದರು. ಅವರಿಗೆ ಇದೆಲ್ಲ ತಿಳಿಯಲಿಲ್ಲ” ಅಂತ ಬರೆದಿದ್ದೀರಿ. ಕೇಳಿದಿರಾ ಅವರನ್ನು? ಕೇಳದೆ ಬರೆದಿದ್ದೀರಿ ಅನ್ನಿಸಿತು. ಇಬ್ಬರು ಅಣ್ಣತಮ್ಮಂದಿರು, ಒಂದು ಗುಹೆ, ಒಬ್ಬ ಒಳಗೆ, ಒಬ್ಬ ಹೊರಗೆ. ವಾಲಿ ಮಾಯಾವಿಯನ್ನು ಅಟ್ಟಿಕೊಂಡು ಗುಹೆಯೊಳಗೆ ಹೋದ. ಸುಗ್ರೀವ ಹೊರಗೆ ಕಾದ. ರಕ್ತ ಹರಿದು ಬಂತು. ಅಣ್ಣ ಸತ್ತ ಅಂದುಕೊಂಡು ಬಾಯಿಗೆ ಬಂಡೆ ಇಟ್ಟು ಹೊರಟುಹೋದ. ಅಲ್ಲಿಂದ ಶುರುವಾದ ದ್ವೇಷ ರಾಮನ ಬಾಣದವರೆಗೆ ಬಂತು. ‘ವಾಲಿವಧೆ’ಯಲ್ಲಿ ಅರ್ಥ ಹೇಳಿದವರಿಗೆ ಜೇಕಬ್ ಮತ್ತು ಅವನ ತಮ್ಮ ತಿಳಿಯದೇ ಇರುತ್ತಾರಾ? ಅವರಿಗೆ ಇಂಗ್ಲಿಷ್ ತಿಳಿದಿರಲಿಕ್ಕಿಲ್ಲ, ಅಷ್ಟೇ.

ನಾನು ಹುಡುಗನಾಗಿದ್ದಾಗ ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುತ್ತಿರಲಿಲ್ಲ. ಆಗ ಮನೆಮನೆಗಳಲ್ಲಿ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಒಂದು ರಾತ್ರಿ ‘ವಾಲಿವಧೆ’. ರಾಮನ ಅರ್ಥ ಹೇಳಿದವರು ದೊಡ್ಡ ಮಾತುಗಾರರು. ಬಾಣ ತಾಗಿದ ಮೇಲೆ ವಾಲಿ ಕೇಳಬೇಕಲ್ಲ, ನಿನಗೂ ನನಗೂ ಏನು ಹಗೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ? ಆ ಮಾತು ಬಾಯಿಗೆ ಬರುವಷ್ಟರಲ್ಲೇ ಇವರು ಮೇಲಿಂದ ಮೇಲೆ ಧರ್ಮ ಹೇಳಿ ಮುಚ್ಚಿಬಿಟ್ಟರು. ಭಾರೀ ಮಾತು. ಆದರೆ ಟಾರ್ಚ್ ಹಿಡಿದು ಗದ್ದೆಯ ಅಂಚಿನ ಮೇಲೆ ಮನೆಗೆ ನಡೆಯುವಾಗ ಯಾರಿಗೂ ಜಗಳವಾಡಲು ಏನೂ ಇರಲಿಲ್ಲ. ಬೇರೆ ರಾತ್ರಿಗಳಲ್ಲಿ ಮನೆ ಮುಟ್ಟುವವರೆಗೆ ದೊಡ್ಡವರು ವಾಲಿ ಕಡೆ, ರಾಮನ ಕಡೆ ಅಂತ ವಾದ ಮಾಡುತ್ತಿದ್ದರು. ಆ ರಾತ್ರಿ ಎಲ್ಲರೂ ಸುಮ್ಮನೆ ನಡೆದರು. ಅಪ್ಪ ಒಂದೇ ಮಾತು ಹೇಳಿದರು, “ವಾಲಿಗೆ ಮಾತಾಡ್ಲಿಕ್ಕೇ ಬಿಡ್ಲಿಲ್ಲ.”

ನಿಮ್ಮ ಗೆಳೆಯನಿಗೂ ನೀವು ಬಿಟ್ಟಿಲ್ಲ.

ಹಾಗಾಗಿ ಮೊದಲ ನಾಲ್ಕು ಪುಟ ತೆಗೆಯಿರಿ. ಪ್ರಶ್ನೆಗಳ ಪಟ್ಟಿ ಪೂರ್ತಿ ಹೋಗಲಿ. ಜಗಲಿಯಿಂದ ಶುರು ಮಾಡಿ. ಕೊನೆಕೊಯ್ಲಿನ ಸಮಯ, ರಾಶಿ ಹಾಕಿದ ಹಸಿ ಅಡಿಕೆ, ಸಾಲಾಗಿ ಮೆಟ್ಟುಗತ್ತಿ, ಗೋಡೆಗೆ ಒರಗಿಸಿಟ್ಟ ಫೋನೋ ಟಿವಿಯೋ. ಎಲ್ಲಿ ಇಟ್ಟಿದ್ದಿರಿ, ಯಾರಿಗೆ ಸರಿ ಕಾಣುತ್ತಿತ್ತು, ಯಾರಿಗೆ ಕಾಣುತ್ತಿರಲಿಲ್ಲ? ಇಂಗ್ಲಿಷ್ ತಿಳಿಯದವರಿಗೆ ಯಾರು ಹೇಳುತ್ತಿದ್ದರು? ಕತೆಯನ್ನು ಅಜ್ಜನಿಗೋ ಅತ್ತಿಗೆಗೋ ಹೇಳುವ ನೆಪದಲ್ಲೇ ಓದುಗರಿಗೂ ಹೇಳಬಹುದು. ನಿಮಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಭಾಷೆಯ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ. “ಅಂತಿಮ ಹಂತದಲ್ಲಿ ನಿರೂಪಣೆಯ ಗತಿ ಕುಂಠಿತಗೊಂಡಿತೆಂಬುದು ಒಂದು ವರ್ಗದ ಅನಿಸಿಕೆ” ಅಂತ ಬರೆದಿದ್ದೀರಿ. ನಿಮ್ಮ ಜಗಲಿಯಲ್ಲಿ ಯಾರೂ ಹೀಗೆ ಮಾತಾಡಿರುವುದಿಲ್ಲ. “ಎಂಥ ಮಾರಾಯ ಇದು, ಮುಗೀತಾ ಬಂತು ಅನ್ನುವಾಗ ಹೊಸ ಕತೆ ಶುರು ಮಾಡಿದ್ರಲ್ಲ” ಅಂತಲೋ ಏನೋ ಅಂದಿರುತ್ತಾರೆ. ನನಗೆ ಆ ಮಾತು ಬೇಕು. ಅವರು ಅಂದದ್ದೇ ಬೇಕು, ನಾನು ಇಲ್ಲಿ ಊಹಿಸಿ ಬರೆದದ್ದು ಬೇಡ. ನೆನಪಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಆವತ್ತು ನೀವು ಸಿಟ್ಟಿನಲ್ಲಿ ಏನಂದಿರಿ ಅಂತಲೂ ಅವರಿಗೆ ನೆನಪಿರುತ್ತದೆ, ಅದನ್ನೂ ಬರೆಯಿರಿ.

ಆ ಕಂತನ್ನು ಮತ್ತೆ ನೋಡುವುದು ಬೇಡ, ಸದ್ಯಕ್ಕೆ. ನೋಡಿದರೆ ಮತ್ತೆ ದ್ವೀಪದ ಬಗ್ಗೆ ಬರೆಯುತ್ತೀರಿ. ಮೊದಲು ಜನರನ್ನು ಕೇಳಿಕೊಂಡು ಬನ್ನಿ. ಗೆಳೆಯ ಆರು ಸೀಸನ್ ಏನಕ್ಕೆ ಕಾದ? ಹಳೆಯ ಸೀಸನ್ನುಗಳಲ್ಲಿ ಅವನಿಗೆ ಯಾವ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದಾಗಿತ್ತು? ಅಜ್ಜನಿಗೆ ಕತೆಯನ್ನು ಪೂರ್ತಿ ಹೇಳಿ, ಜೇಕಬ್ ಪರವಾಗಿ ಒಮ್ಮೆ, ತಮ್ಮನ ಪರವಾಗಿ ಒಮ್ಮೆ ಅರ್ಥ ಹೇಳಲು ಕೇಳಿ. ಅವರು ಒಪ್ಪಿದರೆ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಹೆಸರಿಲ್ಲದವನ ಅರ್ಥ ಅವರ ಬಾಯಲ್ಲಿ ಹೇಗೆ ಬರುತ್ತದೋ ಕೇಳಲು ನನಗೇ ಆಸೆಯಾಗುತ್ತಿದೆ.

ಎರಡು ಸಾವಿರ ಪದ ಮೀರಬೇಡಿ. ಯುಗಾದಿಯೊಳಗೆ ಸಿಕ್ಕರೆ ಅದರ ನಂತರದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಕೊನೆಗೆ ಒಂದು. ಹೆರಿಗೆ ಮಾಡಿಸಿ ಕೊಂದವಳು, ಸಾಕಿದ ಮಗನ ಕೈಯಲ್ಲೇ ಇರಿತ ತಿಂದು ಥ್ಯಾಂಕ್ಯೂ ಅಂದಳು. ನೀವು ನಾಲ್ವರು ಅದರ ಮೇಲೆ ಗಂಟೆಗಟ್ಟಲೆ ವಾದ ಮಾಡಿದಿರಿ. ಅತ್ತಿಗೆ ಆ ವಾದದಲ್ಲಿ ಒಂದು ಮಾತೂ ಆಡಿದ್ದು ಲೇಖನದಲ್ಲಿಲ್ಲ. ಅವರು ಆಮೇಲೆ ಮತ್ತೆ ಸುಲಿಯಲು ಶುರು ಮಾಡಿದರಾ, ಎದ್ದು ಒಳಗೆ ಹೋದರಾ? ಅವರನ್ನು ಕೇಳಿ, ನನಗೆ ಬರೆಯಿರಿ.

ಪ್ರೀತಿಯಿಂದ,
ನಿಮ್ಮ ಸಂಪಾದಕ
ಶಿವಮೊಗ್ಗ