ಅಲ್ಲಿ ಏಳು ದಿನ, ಇಲ್ಲಿ ಮೂರೇ ದಿನ

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ನೋವಿಗಿಂತ ಸಿಟ್ಟೇ ಜಾಸ್ತಿ ಇದೆ. ಸಿಟ್ಟು ಸುಮ್ನೆ ಬಂದದ್ದಲ್ಲ, ಬಿಡಿ. ಮೊಣಕಾಲಿನ ಆಪರೇಷನ್ ಆದಾಗ ಮ್ಯಾಸಚೂಸೆಟ್ಸ್‌ನಲ್ಲಿರುವ ನಿಮ್ಮ ತಮ್ಮನಿಗೆ ಏಳು ದಿನದ ಆಕ್ಸಿಕೋಡೋನ್ ಸಿಕ್ಕಿತು, ಅಫೀಮಿನ ಜಾತಿಯ (ಓಪಿಯಾಯ್ಡ್) ಜೋರು ನೋವಿನ ಮಾತ್ರೆ ಅದು. ಫ್ಲೋರಿಡಾದಲ್ಲಿ ನಿಮಗೆ ಸಿಕ್ಕಿದ್ದು ಮೂರೇ ದಿನದ್ದು. "ಫಾರ್ಮಸಿಯವರು ಕಂಪ್ಯೂಟರ್ ನೋಡಿ, ಮತ್ತೆ ನನ್ನ ಮುಖ ನೋಡಿದರು. ನಾನೇನು ಕಳ್ಳಿಯಾ? ಅಮೆರಿಕ ಒಂದೇ ದೇಶ ಅಲ್ವಾ?" ಎಂದು ಕೇಳಿದ್ದೀರಿ.

ದೇಶ ಒಂದೇ, ಕಾನೂನು ಎರಡು ಪದರ. ಕೆಳಗಿನ ಪದರ ಕೇಂದ್ರದ್ದು, 1970ರ ಕಾಯ್ದೆ. ಚಟ ಹತ್ತಿಸಬಲ್ಲ ಔಷಧಿಗಳನ್ನು ಅದು ಐದು ಪಟ್ಟಿಗಳಲ್ಲಿ ಇಟ್ಟಿದೆ. ಆಕ್ಸಿಕೋಡೋನ್ ಎರಡನೇ ಪಟ್ಟಿಯದು. ಅದಕ್ಕೆ ರೀಫಿಲ್ ಇಲ್ಲ, ಪ್ರತಿ ಸಲವೂ ಹೊಸ ಚೀಟಿ ಬೇಕು. ಇದು ಎಲ್ಲ ರಾಜ್ಯಕ್ಕೂ ಒಂದೇ. ಇದರ ಮೇಲೆ ರಾಜ್ಯಗಳು ಇನ್ನಷ್ಟು ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ.

ದಿನಗಳ ಲೆಕ್ಕ ಬಂದದ್ದು ರಾಜ್ಯಗಳ ಈ ಮೇಲಿನ ಪದರದಲ್ಲಿ. 2016ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್ ಎಲ್ಲರಿಗಿಂತ ಮೊದಲು, ಇಂಥ ಓಪಿಯಾಯ್ಡ್ ಮಾತ್ರೆಗಳ ಮೊದಲ ಚೀಟಿಗೆ ಏಳು ದಿನದ ಮಿತಿ ಹಾಕಿತು. ಅದೇ ತಿಂಗಳು ಕೇಂದ್ರದ ಆರೋಗ್ಯ ಸಂಸ್ಥೆ ಸಿಡಿಸಿ ಡಾಕ್ಟರರಿಗೆ ಸಲಹೆ ಕೊಟ್ಟಿತು: ದಿಢೀರ್ ನೋವಿಗೆ ಮೂರು ದಿನ ಸಾಮಾನ್ಯವಾಗಿ ಸಾಕು, ಏಳಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ನೆನಪಿಡಿ, ಅದು ಸಲಹೆ ಅಷ್ಟೇ. ಆಮೇಲೆ ಒಂದೊಂದೇ ರಾಜ್ಯ ತನಗೆ ಸರಿಕಂಡ ಅಂಕಿ ಹಿಡಿದು ಕಾನೂನು ಮಾಡಿತು. 2017ರಲ್ಲಿ ನ್ಯೂಜೆರ್ಸಿಯದು ಐದು ದಿನ, 2018ರಲ್ಲಿ ಫ್ಲೋರಿಡಾದ್ದು ಮೂರು. ಸಲಹೆಯನ್ನು ಕಟ್ಟುನಿಟ್ಟಿನ ನಿಯಮ ಮಾಡಬೇಡಿ ಎಂದು 2022ರಲ್ಲಿ ಸಿಡಿಸಿಯೇ ಹೇಳಿತು. ಅಷ್ಟರಲ್ಲಿ ಅಂಕಿಗಳು ಕಾನೂನಿನಲ್ಲಿ ಕೂತಾಗಿತ್ತು. ಮಾತ್ರೆಯ ಚಟದಿಂದ ಸತ್ತವರ ಸಂಖ್ಯೆ ನೋಡಿದರೆ ಆ ಹೆದರಿಕೆ ಅರ್ಥವಾಗುತ್ತದೆ. ಆದರೂ ಹಲ್ಲು ಕೀಳಿಸಿದವರಿಗೂ ಮೊಣಕಾಲು ಬದಲಾಯಿಸಿಕೊಂಡವರಿಗೂ ಒಂದೇ ಅಳತೆ ಎಂದರೆ ನನಗೆ ಒಪ್ಪಿಗೆಯಿಲ್ಲ.

ಇನ್ನು ಆ ಕಂಪ್ಯೂಟರ್ ವಿಷಯ. ಇಂಥ ಮಾತ್ರೆ ಯಾರಿಗೆ, ಯಾವಾಗ, ಎಷ್ಟು ಹೋಯಿತು ಎಂಬ ದಾಖಲೆ ರಾಜ್ಯದ ಬಳಿ ಇರುತ್ತದೆ. ಫ್ಲೋರಿಡಾದಲ್ಲಿ ಮಾತ್ರೆ ಕೊಡುವ ಮೊದಲು ಅದನ್ನು ನೋಡಲೇಬೇಕು. ನಿಮ್ಮ ಮೇಲಿನ ಅನುಮಾನದಿಂದಲೇ ನೋಡಿದರು ಎಂದುಕೊಳ್ಳಬೇಡಿ.

ಕೆಂಟಕಿಯಲ್ಲಿರುವ ನಿಮ್ಮ ಭಾವನಿಗೆ ನರದ ನೋವಿನ ಮಾತ್ರೆ ಗ್ಯಾಬಪೆಂಟಿನ್‌ಗೂ ಇದೇ ಕಿರಿಕಿರಿ ಎಂದಿದ್ದೀರಿ. ಕೇಂದ್ರದ ಪಟ್ಟಿಯಲ್ಲಿ ಆ ಮಾತ್ರೆ ಇಲ್ಲವೇ ಇಲ್ಲ. ಕೆಂಟಕಿ 2017ರಲ್ಲಿ ತಾನಾಗಿಯೇ ಅದನ್ನು ತನ್ನ ರಾಜ್ಯದ ಐದನೇ ಪಟ್ಟಿಗೆ ಸೇರಿಸಿಕೊಂಡಿತು.

ಎರಡನೇ ಮೊಣಕಾಲಿನ ಆಪರೇಷನ್ ಮುಂದಿನ ತಿಂಗಳು ಎಂದು ಬರೆದಿದ್ದೀರಲ್ಲ, ಡಾಕ್ಟರ್ ಹತ್ತಿರ ಈಗಲೇ ಮಾತಾಡಿ. ಫ್ಲೋರಿಡಾದ ಕಾನೂನಿನಲ್ಲೇ ಒಂದು ಕಿಂಡಿ ಇದೆ. ಮೂರು ದಿನ ಸಾಲದು ಎಂದು ಡಾಕ್ಟರಿಗೆ ಅನ್ನಿಸಿದರೆ, ಕಾರಣ ದಾಖಲಿಸಿ, ಚೀಟಿಯ ಮೇಲೆ ವಿನಾಯಿತಿ ಎಂದು ಬರೆದು ಏಳು ದಿನದವರೆಗೆ ಕೊಡಬಹುದು. ಆ ಮಾತು ಚೀಟಿಯಲ್ಲಿ ಇಲ್ಲದಿದ್ದರೆ ಕೌಂಟರಿನವರು ಏನೂ ಮಾಡಲಾರರು, ಎಷ್ಟು ಜಗಳವಾಡಿದರೂ.

ಸಂಪಾದಕ