ಉಡುಪಿ ಕಡೆಯ ಸಣ್ಣ ಊರಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಲಿಯಲು, ಆಡಲು ಏನು ಸಿಗುತ್ತದೆ?

ಮೊದಲು ನಿಮ್ಮ ಗ್ರಾಮ ಪಂಚಾಯತ್ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಿ. ಈಗ ಅದಕ್ಕೆ 'ಅರಿವು ಕೇಂದ್ರ' ಎನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಇದು ತುಂಬಾ ಪೋಷಕರಿಗೆ ಗೊತ್ತೇ ಇಲ್ಲ, ಅದೇ ಬೇಸರ. ಕಥೆ ಓದುವುದು, ಚಿತ್ರ ಬಿಡಿಸುವುದು, ಚೆಸ್ ಆಡುವುದು ಇವಕ್ಕೆಲ್ಲ ಇದೇ ಜಾಗ ಸಾಕು.

ನಮ್ಮ ಕಡೆ ನಿಜವಾದ ತೊಡಕು ಶುಲ್ಕಕ್ಕಿಂತ ಬಸ್ಸು. ಪೇಟೆಯಲ್ಲಿ ತರಗತಿ ಮುಗಿಯುವ ಹೊತ್ತಿಗೆ ಒಳಊರಿನ ಬಸ್ಸು ಹೋಗಿರುತ್ತದೆ. ಮಳೆಗಾಲದಲ್ಲಂತೂ ಸಂಜೆ ಬೇಗ ಕತ್ತಲಾಗುತ್ತದೆ, ಹೆಣ್ಣುಮಕ್ಕಳನ್ನು ಮನೆಯವರು ಕಳಿಸುವುದೇ ಇಲ್ಲ. ಆದ್ದರಿಂದ ಮಕ್ಕಳನ್ನು ಪೇಟೆಗೆ ಒಯ್ಯುವ ಬದಲು ಕಲಿಸುವವರನ್ನೇ ಊರಿಗೆ ಕರೆಸುವುದು ಮೇಲು ಎಂದು ನಾನು ಬಲವಾಗಿ ನಂಬುತ್ತೇನೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೇ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತದೆ. ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಹತ್ತಿರ ಈ ವಿಷಯ ಎತ್ತಿ.

ವಿಜ್ಞಾನದ ಆಸಕ್ತಿಯಿದ್ದರೆ ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ, ತಾರಾಲಯ ಇವೆ. ರಜೆಯಲ್ಲಿ ಎಲ್ಲರೂ ಸೇರಿ ಒಂದು ವ್ಯಾನು ಮಾಡಿಕೊಂಡು ಹೋಗಬಹುದು.

ಇನ್ನೊಂದು: ಪಂಚಾಯತಿನ ಮಕ್ಕಳ ಗ್ರಾಮಸಭೆಯಲ್ಲಿ ಸಂಜೆ ಬಸ್ಸು, ಆಟದ ಬಯಲು, ಗ್ರಂಥಾಲಯದ ಸಮಯ ಇವನ್ನು ಮಕ್ಕಳೇ ಕೇಳಲಿ. ಅವರ ಬೇಡಿಕೆ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಆಮೇಲೆ ನೀವು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಬಳಿ ಹೋಗಿ ನೋಡಿ.